ಪ್ರಾದೇಶಿಕ ಕೊಳಚೆ ನೀರು ಶುದ್ಧೀಕರಣ ಘಟಕ ಮತ್ತು ನಮ್ಮ ಹೊಳೆಯ ನೀರು

(ಗ್ರಾಮ ಪಂಚಾಯಿತಿ ಸದಸ್ಯರ ತರಬೇತಿ ಕಾರ್ಯಾಗಾರದಲ್ಲಿ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯೊಬ್ಬರು ನೀಡಿದ ಉಪನ್ಯಾಸದ ಲಿಖಿತ ರೂಪ)



ಈ ಅಧಿವೇಶನದಲ್ಲಿ ನನಗೆ ವಹಿಸಿರುವ ವಿಷಯ ಕೊಳಚೆ ನೀರಿನ ಶುದ್ಧೀಕರಣ. ಪಟ್ಟಣದ ಒಳಚರಂಡಿಯ ನೀರನ್ನೂ ಸುತ್ತಲಿನ ಹಳ್ಳಿಗಳ ಬಳಕೆ ನೀರನ್ನೂ ಒಂದೇ ಕಡೆಗೆ ತಂದು ಶುದ್ಧೀಕರಿಸಿ ಹೊಳೆಗೆ ಬಿಡುವ ಪ್ರಾದೇಶಿಕ ಘಟಕಗಳ ವಿಚಾರ ಈಗ ಅಲ್ಲಲ್ಲಿ ಕೇಳಿಬರುತ್ತಿದೆ. ಇಂತಹ ಪ್ರಸ್ತಾವನೆ ಬಂದಾಗ ನಿಮ್ಮಿಂದ ಜಾಗವನ್ನು ಕೇಳುತ್ತಾರೆ, ಸಾಮಾನ್ಯ ಸಭೆಯ ಠರಾವನ್ನು ಕೇಳುತ್ತಾರೆ, ಕೆಲವೊಮ್ಮೆ ನಿರ್ವಹಣೆಯ ಪಾಲನ್ನೂ ಕೇಳುತ್ತಾರೆ. ಕೈ ಎತ್ತುವ ಮೊದಲು ತಿಳಿದಿರಬೇಕಾದ ಒಂದು ಮುಖ್ಯ ಸಂಗತಿಯನ್ನು ನಿಮ್ಮ ಮುಂದೆ ಇಡುವುದು ನನ್ನ ಉದ್ದೇಶ.

ಹಿಂದೊಮ್ಮೆ ಇಂತಹದೇ ಸಭೆಯಲ್ಲಿ ಹಿರಿಯ ಸದಸ್ಯರೊಬ್ಬರು ಎದ್ದು ನಿಂತು, "ಸ್ವಾಮಿ, ಘಟಕ ಆದ ಮೇಲೆ ಹೊಳೆಯ ನೀರಿಗೆ ದನ ಬಾಯಿ ಹಾಕುತ್ತದೆಯೋ ಇಲ್ಲವೋ, ಅಷ್ಟು ಹೇಳಿ ಸಾಕು" ಎಂದರು. ನಾನು ಇಂಜಿನಿಯರಿಂಗ್ ಓದಿ ಈ ಹುದ್ದೆಗೆ ಬಂದವನು. ಸಾಮರ್ಥ್ಯ ಇಷ್ಟು ಎಂಎಲ್‌ಡಿ, ಅಂದರೆ ದಿನಕ್ಕೆ ಇಷ್ಟು ದಶಲಕ್ಷ ಲೀಟರ್, ತಂತ್ರಜ್ಞಾನ ಇಂತಹದು, ಹೊರಬರುವ ನೀರಿನ ಗುಣಮಟ್ಟ ನಿಗದಿತ ಮಿತಿಯೊಳಗೆ ಇರುತ್ತದೆ ಎಂದು ಹೇಳಿ ಕುಳಿತೆ. ಅವರು ಕೇಳಿದ್ದು ಹೊಳೆಯ ಬಗ್ಗೆ, ನಾನು ಉತ್ತರಿಸಿದ್ದು ಘಟಕದ ಬಗ್ಗೆ. ಅವೆರಡೂ ಒಂದೇ ಅಲ್ಲ ಎಂಬುದು ನನಗೆ ಅರ್ಥವಾಗಲು ಕೆಲವು ವರ್ಷಗಳೇ ಬೇಕಾದವು.

ಉದಾಹರಣೆಗೆ ದೂರ ಹೋಗಬೇಕಾಗಿಲ್ಲ. ನಮ್ಮ ರಾಜ್ಯದ ವೃಷಭಾವತಿಯನ್ನೇ ನೋಡೋಣ. ಬೆಂಗಳೂರಿನ ಬಸವನಗುಡಿಯ ದೊಡ್ಡ ಬಸವನ ಪಾದದ ಬಳಿ ಹುಟ್ಟುತ್ತದೆ ಎಂಬ ಪ್ರತೀತಿಯಿಂದ ಈ ಹೊಳೆಗೆ ಆ ಹೆಸರು ಬಂದಿದೆ. ಮೈಸೂರು ರಸ್ತೆಯ ಗಾಳಿ ಆಂಜನೇಯ ದೇವಸ್ಥಾನದ ಬದಿಯಲ್ಲಿ ಸಾಗಿ, ನಾಯಂಡಹಳ್ಳಿ, ಕೆಂಗೇರಿಗಳನ್ನು ದಾಟಿ, ಬಿಡದಿ ಬಳಿಯ ಬೈರಮಂಗಲ ಕೆರೆಯನ್ನು ಸೇರಿ, ಅಲ್ಲಿಂದ ಮುಂದೆ ಕನಕಪುರ ತಾಲ್ಲೂಕಿನಲ್ಲಿ ಅರ್ಕಾವತಿಯನ್ನು ಕೂಡುತ್ತದೆ. ಅರ್ಕಾವತಿ ಸಂಗಮದಲ್ಲಿ ಕಾವೇರಿಯನ್ನು ಸೇರುತ್ತದೆ. ದಡದ ಹಳ್ಳಿಗಳ ಹಿರಿಯರನ್ನು ಕೇಳಿದರೆ, ಒಂದು ಕಾಲದಲ್ಲಿ ಮರಳಿನಲ್ಲಿ ಒರತೆ ತೋಡಿ ಇದೇ ಹೊಳೆಯ ನೀರನ್ನು ಕುಡಿಯುತ್ತಿದ್ದೆವು ಎನ್ನುತ್ತಾರೆ. ಇಂದು ಅದರ ಬಣ್ಣವನ್ನೂ ವಾಸನೆಯನ್ನೂ ನಾನು ವರ್ಣಿಸಬೇಕಾಗಿಲ್ಲ. ಮೈಸೂರು ರಸ್ತೆಯಲ್ಲಿ ಬಸ್ಸಿನಲ್ಲಿ ಹೋದವರೆಲ್ಲರೂ ಕಿಟಕಿ ಮುಚ್ಚಿದವರೇ.

ಈ ಹೊಳೆಯಲ್ಲಿ ಈಗ ಹರಿಯುತ್ತಿರುವ ನೀರು ಯಾವುದು ಎಂಬುದನ್ನು ಗಮನಿಸಬೇಕು. ಬೆಂಗಳೂರು ತನ್ನ ಕುಡಿಯುವ ನೀರಿನ ಬಹುಪಾಲನ್ನು ಸುಮಾರು 100 ಕಿಲೋಮೀಟರ್ ದೂರದ ಕಾವೇರಿಯಿಂದ, ಸುಮಾರು 500 ಮೀಟರ್ ಎತ್ತರಕ್ಕೆ ಪಂಪು ಮಾಡಿ ತರುತ್ತದೆ. 2024ರಲ್ಲಿ ಐದನೆಯ ಹಂತ ಆರಂಭವಾದಾಗ, ಮೊದಲು ಬರುತ್ತಿದ್ದ 1,450 ಎಂಎಲ್‌ಡಿಗೆ ಇನ್ನೂ 775 ಎಂಎಲ್‌ಡಿ ಸೇರಿತು. ಮನೆಗೆ ಬಂದ ನೀರಿನ ಶೇಕಡ 80ರಷ್ಟು ಕೊಳಚೆಯಾಗಿ ಹೊರಹೋಗುತ್ತದೆ ಎಂಬುದು ಇಂಜಿನಿಯರುಗಳು ಅನುಸರಿಸುವ ಲೆಕ್ಕ. ಹೀಗೆ ಬೆಟ್ಟ ಹತ್ತಿಸಿ ತಂದ ಕಾವೇರಿಯ ಒಂದು ಪಾಲು ಕೊಳಚೆಯಾಗಿ ವೃಷಭಾವತಿಗೆ ಇಳಿದು, ಅರ್ಕಾವತಿಯ ಮೂಲಕ ಮತ್ತೆ ಕಾವೇರಿಗೇ ಸೇರುತ್ತದೆ. ನಗರ ನೀರೆತ್ತುವ ಸ್ಥಳ ಮೇಲಿದೆ, ಕೊಳಚೆ ಸೇರುವ ಸಂಗಮ ಕೆಳಗಿದೆ. ಆದ್ದರಿಂದ ತಾನು ಬಿಟ್ಟ ನೀರನ್ನು ನಗರ ತಾನೇ ಕುಡಿಯುವ ಪ್ರಮೇಯ ಬರುವುದಿಲ್ಲ. ಬಂದಿದ್ದರೆ ಈ ಸಮಸ್ಯೆ ಇಷ್ಟು ವರ್ಷ ಉಳಿಯುತ್ತಿತ್ತೇ ಎಂದು ನನಗೆ ಅನುಮಾನ.

ಹಾಗೆಂದು ಅಲ್ಲಿ ಘಟಕಗಳೇ ಇಲ್ಲವೆಂದು ಭಾವಿಸಬಾರದು. ಮೈಸೂರು ರಸ್ತೆಯ ಪಕ್ಕದಲ್ಲಿ 180 ಎಂಎಲ್‌ಡಿ ಸಾಮರ್ಥ್ಯದ ಹಳೆಯ ಘಟಕವಿದೆ. ಅಲ್ಲಿಯೇ ಇತ್ತೀಚೆಗೆ ನಿರ್ಮಿಸಿದ 150 ಎಂಎಲ್‌ಡಿ ಘಟಕವಿದೆ. ಮೈಲಸಂದ್ರದಲ್ಲಿ 75, ಕೆಂಗೇರಿಯಲ್ಲಿ 60. ಇಷ್ಟೆಲ್ಲ ಇದ್ದೂ ಹೊಳೆ ಏಕೆ ಹೀಗಿದೆ? ಈ ಪ್ರಶ್ನೆಗೆ ಉತ್ತರ ಸಿಕ್ಕರೆ ನಮ್ಮ ಹೊಳೆಯ ಬಗ್ಗೆಯೂ ಸ್ಪಷ್ಟವಾಗಿ ಯೋಚಿಸಬಹುದು.

ಮೊದಲು ಘಟಕ ಏನು ಮಾಡುತ್ತದೆ ಎಂಬುದನ್ನು ಸರಳವಾಗಿ ಹೇಳುತ್ತೇನೆ. ಕೊಳಚೆಯಲ್ಲಿ ಕೊಳೆಯುವ ಪದಾರ್ಥವಿದೆ. ಅದನ್ನು ಸೂಕ್ಷ್ಮಜೀವಿಗಳು ತಿನ್ನುತ್ತವೆ; ತಿನ್ನುವಾಗ ನೀರಿನಲ್ಲಿ ಕರಗಿರುವ ಆಮ್ಲಜನಕವನ್ನು ಬಳಸಿಕೊಳ್ಳುತ್ತವೆ. ಕೊಳಚೆಯನ್ನು ನೇರವಾಗಿ ಹೊಳೆಗೆ ಬಿಟ್ಟರೆ ಈ ಊಟ ಹೊಳೆಯಲ್ಲಿಯೇ ನಡೆಯುತ್ತದೆ, ಆಮ್ಲಜನಕ ಮುಗಿಯುತ್ತದೆ, ಮೀನು ಸಾಯುತ್ತದೆ, ನೀರು ಕಪ್ಪಾಗಿ ನಾರುತ್ತದೆ. ಘಟಕವೆಂದರೆ ಆ ಊಟವನ್ನು ಹೊಳೆಗೆ ಬರುವ ಮೊದಲೇ ಒಂದು ತೊಟ್ಟಿಯಲ್ಲಿ, ಗಾಳಿ ಕೊಟ್ಟು, ಮುಗಿಸುವ ವ್ಯವಸ್ಥೆ. ಜರಡಿಯಲ್ಲಿ ಕಸ ತೆಗೆಯುವುದು, ಮರಳು ತಂಗಿಸುವುದು, ಗಾಳಿಯೂಡುವುದು, ಬೆಳೆದ ಸೂಕ್ಷ್ಮಜೀವಿಗಳನ್ನು ಕೆಸರಾಗಿ ತಳಕ್ಕೆ ಕೂರಿಸಿ ಬೇರ್ಪಡಿಸುವುದು, ಕೊನೆಗೆ ಕ್ಲೋರಿನ್ ಅಥವಾ ಬೇರೆ ವಿಧಾನದಿಂದ ರೋಗಾಣುಗಳನ್ನು ಕಡಿಮೆ ಮಾಡುವುದು ಇದರ ಕ್ರಮ. ಎಮ್ಮೆಯ ಕೊಟ್ಟಿಗೆಯ ಗಂಜಲವನ್ನು ನೇರವಾಗಿ ಬಾವಿಗೆ ಬಿಡದೆ ಗುಂಡಿಯಲ್ಲಿ ಕಳಿಸಿ ಗೊಬ್ಬರ ಮಾಡುವ ರೈತನಿಗೆ ಇದರಲ್ಲಿ ಹೊಸದೇನೂ ಇಲ್ಲ.

ಈ ಕೊಳೆಯುವ ಪದಾರ್ಥವನ್ನು ಅಳೆಯುವ ಮಾಪನಕ್ಕೆ ಜೈವಿಕ ಆಮ್ಲಜನಕ ಬೇಡಿಕೆ, ಸಂಕ್ಷೇಪವಾಗಿ ಬಿಒಡಿ, ಎಂದು ಹೆಸರು. ನೀರಿನ ಮಾದರಿಯನ್ನು ನಮ್ಮ ದೇಶದಲ್ಲಿ 27 ಡಿಗ್ರಿ ಉಷ್ಣತೆಯಲ್ಲಿ 3 ದಿನ ಇಟ್ಟು, ಎಷ್ಟು ಆಮ್ಲಜನಕ ಖರ್ಚಾಯಿತು ಎಂದು ನೋಡುತ್ತಾರೆ. ತಂಪು ದೇಶಗಳಲ್ಲಿ 20 ಡಿಗ್ರಿಯಲ್ಲಿ 5 ದಿನ ಇಡುವುದು ರೂಢಿ. ನಮ್ಮ ಸೆಖೆಗೆ ಸೂಕ್ಷ್ಮಜೀವಿಗಳೂ ಬೇಗ ಕೆಲಸ ಮುಗಿಸುತ್ತವೆ. ಸಂಖ್ಯೆ ಹೆಚ್ಚಿದಷ್ಟೂ ನೀರು ಕೆಟ್ಟದ್ದು. ಮನೆಗಳ ಕೊಳಚೆಯಲ್ಲಿ ಲೀಟರಿಗೆ 200 ಮಿಲಿಗ್ರಾಂ ಅಥವಾ ಅದಕ್ಕಿಂತ ಹೆಚ್ಚು ಇರುತ್ತದೆ. ಜನ ಸ್ನಾನ ಮಾಡಬಹುದಾದ ಹೊಳೆಯಲ್ಲಿ ಅದು 3ನ್ನು ಮೀರಬಾರದು. ಘಟಕದಿಂದ ಹೊರಬರುವ ನೀರಿಗೆ ಕೇಂದ್ರ ಸರ್ಕಾರ 2017ರಲ್ಲಿ ನಿಗದಿಪಡಿಸಿದ ಮಿತಿ ಮಹಾನಗರಗಳಲ್ಲಿ 20, ಇತರೆಡೆ 30. 2019ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ದೊಡ್ಡ ನಗರಗಳ ವಿಷಯದಲ್ಲಿ ಇದನ್ನು 10ಕ್ಕೆ ಬಿಗಿಗೊಳಿಸಬೇಕೆಂದು ಆದೇಶಿಸಿತು.

ಹೊಳೆಗೆ 3 ಇರಬೇಕು, ಆದರೆ ಘಟಕ 20 ಅಥವಾ 30 ಇರುವ ನೀರನ್ನು ಬಿಡಬಹುದು. ಈ ವ್ಯತ್ಯಾಸ ಹೇಗೆ ಬಂತು ಎಂದು ನಾನು ವಿದ್ಯಾರ್ಥಿಯಾಗಿದ್ದಾಗ ಕೇಳಲಿಲ್ಲ, ಯಾರೂ ಹೇಳಲೂ ಇಲ್ಲ. ಇದರ ಮೂಲ ಇಂಗ್ಲೆಂಡಿನಲ್ಲಿದೆ. ಅಲ್ಲಿ 1898ರಲ್ಲಿ ಕೊಳಚೆ ವಿಲೇವಾರಿಯ ಕುರಿತು ರಾಜಕೀಯ ಆಯೋಗವಲ್ಲ, ರಾಜಾಜ್ಞೆಯಿಂದ ನೇಮಕವಾದ ಒಂದು ಆಯೋಗ ರಚನೆಯಾಯಿತು. ಅದು 1912ರ ತನ್ನ ಎಂಟನೆಯ ವರದಿಯಲ್ಲಿ ಶುದ್ಧೀಕರಿಸಿದ ನೀರಿನ ಬಿಒಡಿ 20 ಇರಬಹುದು ಎಂದು ಹೇಳಿತು. ಜಗತ್ತಿನ ಅನೇಕ ದೇಶಗಳ ಮಾನದಂಡಗಳ ಮೇಲೆ ಈ ಸಂಖ್ಯೆಯ ಪ್ರಭಾವವಿದೆ. ಆದರೆ ಆಯೋಗ ಅದರ ಜೊತೆಗೆ ಒಂದು ಷರತ್ತನ್ನೂ ಇಟ್ಟಿತ್ತು: ಆ ನೀರು ಸೇರುವ ಹೊಳೆಯಲ್ಲಿ ಕನಿಷ್ಠ ಎಂಟು ಪಾಲು ಶುದ್ಧ ನೀರು ಹರಿಯುತ್ತಿರಬೇಕು. ಸಂಖ್ಯೆ ಲೋಕವನ್ನೆಲ್ಲ ಸುತ್ತಿತು, ಷರತ್ತು ವರದಿಯಲ್ಲಿಯೇ ಉಳಿಯಿತು.

ಇದರ ಲೆಕ್ಕವನ್ನು ಫಲಕದ ಮೇಲೆ ಬರೆಯುತ್ತೇನೆ. ದಯವಿಟ್ಟು ಗುರುತು ಹಾಕಿಕೊಳ್ಳಿ. ಬಿಒಡಿ 20 ಇರುವ ಒಂದು ಪಾಲು ನೀರು, ಬಿಒಡಿ 2 ಇರುವ ಎಂಟು ಪಾಲು ಹೊಳೆ ನೀರಿಗೆ ಸೇರಿತು ಎಂದುಕೊಳ್ಳಿ. 20ಕ್ಕೆ 16 ಕೂಡಿಸಿದರೆ 36. ಒಂಬತ್ತು ಪಾಲಿಗೆ ಭಾಗಿಸಿದರೆ 4. ಹೊಳೆ ಇದನ್ನು ಸಹಿಸಿಕೊಳ್ಳುತ್ತದೆ, ಕೆಲವು ಮೈಲಿ ಹರಿಯುವಷ್ಟರಲ್ಲಿ ತಾನೇ ಸರಿಪಡಿಸಿಕೊಳ್ಳುತ್ತದೆ. ಈಗ ಬೇಸಿಗೆಯ ವೃಷಭಾವತಿಯನ್ನು ನೆನೆಯಿರಿ. ಅಲ್ಲಿ ಎಂಟು ಪಾಲು ಶುದ್ಧ ನೀರು ಎಲ್ಲಿದೆ? ಒಂದು ಪಾಲೂ ಇಲ್ಲ. ಘಟಕದಿಂದ ಬಂದದ್ದೇ ಹೊಳೆ. ಘಟಕ ತನ್ನ ಕರ್ತವ್ಯವನ್ನು ಚಾಚೂ ತಪ್ಪದೆ ಮಾಡಿ 20ಕ್ಕೆ ಇಳಿಸಿದರೂ ಹೊಳೆಯಲ್ಲಿ 20 ಇರುತ್ತದೆ.

ಇದಕ್ಕಿಂತಲೂ ಮುಖ್ಯವಾದ ಎರಡನೆಯ ಲೆಕ್ಕವಿದೆ. ಒಂದು ಊರಿನ ಕೊಳಚೆಯಲ್ಲಿ ನಾಲ್ಕರಲ್ಲಿ ಮೂರು ಪಾಲು ಘಟಕಕ್ಕೆ ತಲುಪುತ್ತದೆ, ಒಂದು ಪಾಲು ತಲುಪದೆ ನೇರವಾಗಿ ಹಳ್ಳಕ್ಕೆ ಸೇರುತ್ತದೆ ಎಂದು ಭಾವಿಸೋಣ. ಮೂರು ಪಾಲಿಗೆ 20ರಂತೆ 60, ಒಂದು ಪಾಲಿಗೆ 200, ಒಟ್ಟು 260. ನಾಲ್ಕರಿಂದ ಭಾಗಿಸಿದರೆ 65. ಈಗ ಯಾರೋ ಬಂದು, ಘಟಕವನ್ನು ಇನ್ನಷ್ಟು ಉತ್ತಮಗೊಳಿಸಿ 20ನ್ನು 10ಕ್ಕೆ ಇಳಿಸೋಣ, ಕೋಟಿಗಟ್ಟಲೆ ವೆಚ್ಚವಾದರೂ ಚಿಂತೆಯಿಲ್ಲ ಎನ್ನುತ್ತಾರೆ. ಆಗ 30ಕ್ಕೆ 200 ಸೇರಿ 230, ಭಾಗಿಸಿದರೆ ಐವತ್ತೇಳೂವರೆ. 65 ಇದ್ದದ್ದು ಐವತ್ತೇಳೂವರೆ ಆಯಿತು. ಹೊಳೆಗೆ ಇಳಿದ ಎಮ್ಮೆಗೆ ಈ ವ್ಯತ್ಯಾಸ ತಿಳಿಯುವುದಿಲ್ಲ. ಅದರ ಬದಲು ಹಳೆಯ ಘಟಕವನ್ನೇ ಇಟ್ಟುಕೊಂಡು, ತಪ್ಪಿಹೋಗುತ್ತಿರುವ ನಾಲ್ಕನೆಯ ಪಾಲನ್ನು ಅದಕ್ಕೆ ಸೇರಿಸಿದರೆ 65 ಇದ್ದದ್ದು 20 ಆಗುತ್ತದೆ. ಹತ್ತರಲ್ಲಿ ಒಂದೇ ಪಾಲು ತಪ್ಪಿಹೋದರೂ ಹೊಳೆಯಲ್ಲಿ 38 ಇರುತ್ತದೆ, ಅಂದರೆ ಹೆಚ್ಚುಕಡಿಮೆ ಎರಡರಷ್ಟು. ಹೊಳೆಯ ಹಣೆಬರಹವನ್ನು ಬರೆಯುವುದು ಘಟಕಕ್ಕೆ ಬಂದ ಕೊಳಚೆಯಲ್ಲ, ಬಾರದೆ ಉಳಿದ ಕೊಳಚೆ.

ಈ ತಪ್ಪಿಹೋಗುವ ಪಾಲು ಎಲ್ಲಿಂದ ಬರುತ್ತದೆ? ಒಳಚರಂಡಿಗೆ ಜೋಡಿಸದೆ ಮಳೆ ನೀರಿನ ಕಾಲುವೆಗೆ ಕೊಳವೆ ಬಿಟ್ಟ ಮನೆಗಳಿಂದ. ವಿದ್ಯುತ್ ಹೋದಾಗ ಪಂಪು ನಿಂತು ತುಂಬಿ ಹರಿಯುವ ಬಾವಿಗಳಿಂದ. ಮಳೆ ಬಂದಾಗ ಘಟಕ ತಾಳಲಾರದೆ ಪಕ್ಕದ ದಾರಿಯಿಂದ ಹೊರಬಿಡುವ ನೀರಿನಿಂದ. ರಾತ್ರಿ ವೇಳೆ ಬರುವ ಟ್ಯಾಂಕರುಗಳಿಂದ. ನಗರ ಬೆಳೆಯುವ ಅಂಚಿನಲ್ಲಿರುವ ಗ್ರಾಮ ಪಂಚಾಯಿತಿಗಳ ಬಡಾವಣೆಗಳಿಂದಲೂ ಬರುತ್ತದೆ ಎಂಬುದನ್ನು ನಾವು ಒಪ್ಪಿಕೊಳ್ಳಬೇಕು. ನಿವೇಶನಕ್ಕೆ ಪರವಾನಗಿ ಕೊಡುವಾಗ ರಸ್ತೆಯ ಅಗಲವನ್ನು ನೋಡುತ್ತೇವೆ, ಚರಂಡಿ ಎಲ್ಲಿ ಕೊನೆಯಾಗುತ್ತದೆ ಎಂದು ನೋಡುವುದಿಲ್ಲ.

ಘಟಕಕ್ಕೆ ಬಂದ ನೀರಿನಿಂದಲೂ ಎಲ್ಲವೂ ಹೋಗುವುದಿಲ್ಲ. ಸಾಮಾನ್ಯ ಘಟಕ ಕೊಳೆಯುವ ಪದಾರ್ಥವನ್ನು ತೆಗೆಯಲು ನಿರ್ಮಿತವಾದದ್ದು. ಸಾರಜನಕ, ರಂಜಕಗಳು ಅದರಲ್ಲಿ ಪೂರ್ಣವಾಗಿ ಹೋಗುವುದಿಲ್ಲ. ಅದಕ್ಕೆ ಪ್ರತ್ಯೇಕ ವ್ಯವಸ್ಥೆ ಬೇಕು. ಉಪ್ಪು ಸ್ವಲ್ಪವೂ ಕಡಿಮೆಯಾಗುವುದಿಲ್ಲ. ಕಾರ್ಖಾನೆಗಳ ಲೋಹಗಳನ್ನು ಸೂಕ್ಷ್ಮಜೀವಿಗಳು ತಿನ್ನಲಾರವು. ಅವು ಕೆಸರಿನಲ್ಲಿ ಕೂರುತ್ತವೆ ಇಲ್ಲವೇ ನೀರಿನೊಡನೆ ಮುಂದೆ ಹೋಗುತ್ತವೆ, ಪ್ರಮಾಣ ಹೆಚ್ಚಾದರೆ ಆ ಸೂಕ್ಷ್ಮಜೀವಿಗಳನ್ನೇ ಕೊಲ್ಲುತ್ತವೆ. ಪೀಣ್ಯದಂತಹ ದೊಡ್ಡ ಕೈಗಾರಿಕಾ ಪ್ರದೇಶದ ಒಂದು ಭಾಗದ ನೀರು ಇಳಿಯುವುದು ವೃಷಭಾವತಿಯ ಕಣಿವೆಗೇ. ಕಾರ್ಖಾನೆಯ ನೀರನ್ನು ಕಾರ್ಖಾನೆಯ ಆವರಣದಲ್ಲಿಯೇ ಶುದ್ಧೀಕರಿಸಬೇಕು ಎಂಬ ನಿಯಮ ಇರುವುದು ಇದಕ್ಕಾಗಿಯೇ.

ಇದರ ಪರಿಣಾಮವನ್ನು ಬೈರಮಂಗಲದಲ್ಲಿ ಕಾಣಬಹುದು. ನೀರಾವರಿಗೆಂದು 1940ರ ದಶಕದಲ್ಲಿ ಕಟ್ಟಿದ ಕೆರೆ ಅದು. ಇಂದು ಬೇಸಿಗೆಯಲ್ಲಿಯೂ ಅದಕ್ಕೆ ನೀರಿನ ಕೊರತೆಯಿಲ್ಲ. ಕೊರತೆ ಇರುವುದು ನೀರಿನ ಗುಣಕ್ಕೆ. ಸಾರಜನಕ ಅತಿಯಾದ ನೀರಿನಲ್ಲಿ ಭತ್ತ ಸೊಂಪಾಗಿ ಬೆಳೆದು, ಎಲೆಯೇ ಹೆಚ್ಚಾಗಿ, ಬಾಗಿ ಬಿದ್ದುಹೋಗುತ್ತದೆ, ತೆನೆ ತುಂಬುವುದಿಲ್ಲ. ಅಚ್ಚುಕಟ್ಟಿನ ರೈತರು ಭತ್ತವನ್ನು ಬಿಟ್ಟು ಎಳೆ ಜೋಳ, ಹಿಪ್ಪುನೇರಳೆ, ಮೇವಿನ ಹುಲ್ಲು, ತೆಂಗುಗಳ ಕಡೆ ಹೊರಳಿದರು. ಮೇವಿದ್ದುದರಿಂದ ಹೈನುಗಾರಿಕೆ ಬೆಳೆಯಿತು. ಇಲ್ಲಿ ನಾವು ಪ್ರಾಮಾಣಿಕವಾಗಿರಬೇಕು: ವರ್ಷವಿಡೀ ಬರುವ ನೀರಿನಿಂದ ಅಲ್ಲಿನ ಅನೇಕ ಕುಟುಂಬಗಳು ಬದುಕು ಕಟ್ಟಿಕೊಂಡಿವೆ. ಆ ನೀರನ್ನು ನಿಲ್ಲಿಸಿ ಎಂದು ಅವರು ಕೇಳುವುದಿಲ್ಲ, ಶುದ್ಧಮಾಡಿ ಕೊಡಿ ಎಂದು ಕೇಳುತ್ತಾರೆ. ಆದರೆ ಅದೇ ನೀರಿನಲ್ಲಿ ಕಾಲಿಟ್ಟು ನಿಲ್ಲುವವರ ಚರ್ಮ, ಅದು ಇಂಗಿದ ಬಾವಿಯ ನೀರು, ಅದನ್ನು ಹೀರಿದ ಮೇವು ಇವೆಲ್ಲ ಲೆಕ್ಕಕ್ಕೆ ಬರಬೇಕಲ್ಲವೇ? ತೂಬಿನಲ್ಲಿ ಏಳುವ ನೊರೆಗೆ ಕಾರಣ ಮಾರ್ಜಕಗಳು. ನೀರು ಎತ್ತರದಿಂದ ಬೀಳುವಲ್ಲಿ ಗಾಳಿ ಬೆರೆತು ಅವು ನೊರೆಯಾಗುತ್ತವೆ. ಬಟ್ಟೆ ಒಗೆದ ಸಾಬೂನಿನ ನೀರು ಬಕೆಟ್ಟಿನಲ್ಲಿ ಮಾಡುವುದನ್ನೇ ಅಲ್ಲಿ ದೊಡ್ಡ ಪ್ರಮಾಣದಲ್ಲಿ ಮಾಡುತ್ತದೆ.

ಕೆರೆಯನ್ನು ಉಳಿಸಲು ಕೊಳಚೆಯನ್ನು ತಿರುವು ಕಾಲುವೆಯಲ್ಲಿ ಕೆರೆಯಾಚೆಗೆ ಸಾಗಿಸುವ ಯೋಜನೆಗಳನ್ನು ನೀವು ಕೇಳಿರುತ್ತೀರಿ. ಕೆರೆಯ ದೃಷ್ಟಿಯಿಂದ ಇದು ಸರಿಯಿರಬಹುದು. ಆದರೆ ಕೆರೆಯಲ್ಲಿ ನಿಂತಾಗ ತಂಗುತ್ತಿದ್ದ ಕೆಸರು ಮತ್ತು ಬಿಸಿಲಿಗೆ ಸಾಯುತ್ತಿದ್ದ ರೋಗಾಣು ಕಾಲುವೆಯಲ್ಲಿ ಹಾಗೆಯೇ ಕೆಳಗಿನ ಊರಿಗೆ ಹೋಗುತ್ತವೆ. ಕಾಲುವೆ ನೀರನ್ನು ಸಾಗಿಸುತ್ತದೆ, ಶುದ್ಧೀಕರಿಸುವುದಿಲ್ಲ. ಕೆಳಗಿನ ಪಂಚಾಯಿತಿಯ ಒಪ್ಪಿಗೆಯಿಲ್ಲದೆ ಮೇಲಿನ ಪಂಚಾಯಿತಿ ಇಂತಹ ಕಾಮಗಾರಿಗೆ ಸಂಭ್ರಮಿಸಬಾರದು ಎಂಬುದು ನನ್ನ ಅಭಿಪ್ರಾಯ.

ಕೋಲಾರ ಜಿಲ್ಲೆಯ ಅನುಭವ ಬೇರೆ ಬಗೆಯದು. ಬೆಂಗಳೂರಿನ ಕೋರಮಂಗಲ ಮತ್ತು ಚಲ್ಲಘಟ್ಟ ಕಣಿವೆಯ ಶುದ್ಧೀಕರಿಸಿದ ನೀರನ್ನು, 440 ಎಂಎಲ್‌ಡಿಯ ಗುರಿಯೊಂದಿಗೆ, ಹೊಳೆಗೆ ಬಿಡುವ ಬದಲು ಕೊಳವೆಯಲ್ಲಿ ಕೋಲಾರದ ಕೆರೆಗಳಿಗೆ ಹರಿಸುವ ಯೋಜನೆ 2018ರಲ್ಲಿ ಆರಂಭವಾಯಿತು. ಲಕ್ಷ್ಮೀಸಾಗರ ಕೆರೆಗೆ ಮೊದಲು ನೀರು ಬಂದಾಗ ಜನ ಪೂಜೆ ಮಾಡಿ ಬರಮಾಡಿಕೊಂಡರು. ಕೆಲವೇ ವಾರಗಳಲ್ಲಿ ನೊರೆ ಬಂತು. ವಿಷಯ ಉಚ್ಚ ನ್ಯಾಯಾಲಯಕ್ಕೂ ಅಲ್ಲಿಂದ ಸರ್ವೋಚ್ಚ ನ್ಯಾಯಾಲಯಕ್ಕೂ ಹೋಯಿತು. ನಡುನಡುವೆ ನಿಂತ ನೀರು ಮತ್ತೆ ಹರಿಯಿತು. ಕೆರೆಗಳು ತುಂಬಿದವು, ಸುತ್ತಲಿನ ಕೊಳವೆಬಾವಿಗಳಲ್ಲಿ ಮಟ್ಟ ಏರಿತು. ಮೂರನೆಯ ಹಂತದ ಶುದ್ಧೀಕರಣವೂ ಆಗಬೇಕೆಂಬ ಬೇಡಿಕೆಯೂ ನಿಲ್ಲಲಿಲ್ಲ. ಬರಗಾಲದ ಜಿಲ್ಲೆಗೆ ನೀರು ಬೇಕು, ಆದರೆ ಯಾವ ನೀರು ಎಂಬ ಪ್ರಶ್ನೆಯನ್ನು ಗುಂಡಿ ಒತ್ತುವ ಮೊದಲೇ ಇತ್ಯರ್ಥಪಡಿಸಿಕೊಂಡಿದ್ದರೆ ಒಳಿತಿತ್ತು.

ಇನ್ನು ನಮ್ಮ ಅಂಗಳಕ್ಕೆ ಬರೋಣ. ಜಲ ಜೀವನ್ ಮಿಷನ್ನಿನ ಪ್ರಕಾರ ಪ್ರತಿಯೊಬ್ಬರಿಗೂ ದಿನಕ್ಕೆ 55 ಲೀಟರ್ ನೀರು. 4,000 ಜನಸಂಖ್ಯೆಯ ಊರಿಗೆ ದಿನಕ್ಕೆ 2,20,000 ಲೀಟರ್. ಅದರಲ್ಲಿ ಶೇಕಡ 70ರಷ್ಟು ಬಚ್ಚಲು ಮತ್ತು ಅಡುಗೆಮನೆಯ ನೀರಾಗಿ ಹೊರಬಂದರೆ ಸುಮಾರು ಒಂದೂವರೆ ಲಕ್ಷ ಲೀಟರ್. ನಲ್ಲಿ ಮನೆಯೊಳಗೆ ಬಂದದ್ದು ಸಂತೋಷ. ಆದರೆ ಬಿಂದಿಗೆಯಲ್ಲಿ ಹೊತ್ತು ತರುತ್ತಿದ್ದಾಗ ಹಿತ್ತಲಿನ ಬಾಳೆಗಿಡಕ್ಕೆ ಸಾಲುತ್ತಿದ್ದ ಬಚ್ಚಲ ನೀರು ಈಗ ಚರಂಡಿ ತುಂಬಿ ಹಳ್ಳಕ್ಕೆ ಇಳಿಯುತ್ತಿದೆ.

ಶೌಚಾಲಯದ ವಿಷಯ ಇನ್ನೂ ಸೂಕ್ಷ್ಮ. ಎರಡು ಗುಂಡಿಗಳ ಶೌಚಾಲಯವನ್ನು ಸರಿಯಾಗಿ ಬಳಸಿದರೆ ಅದೇ ಒಂದು ಉತ್ತಮ ಶುದ್ಧೀಕರಣ ಘಟಕ. ಆದರೆ ಊರಿನಲ್ಲಿ ಅನುಕೂಲವಂತರಾದವರು ಕಟ್ಟುವ ದೊಡ್ಡ ತೊಟ್ಟಿಗಳ ಹೊರಕೊಳವೆ ಚರಂಡಿಗೆ ಇರುತ್ತದೆ. ತುಂಬಿದಾಗ ಹೀರುವ ಯಂತ್ರದ ಟ್ಯಾಂಕರು ಬರುತ್ತದೆ. ಅದು ಎಲ್ಲಿಗೆ ಹೋಗಿ ಸುರಿಯುತ್ತದೆ ಎಂದು ನಮ್ಮಲ್ಲಿ ಎಷ್ಟು ಮಂದಿ ಕೇಳಿದ್ದೇವೆ? ಆ ಕೆಸರಿನ ಬಿಒಡಿ ಸಾಮಾನ್ಯ ಕೊಳಚೆಗಿಂತ ಹತ್ತು ಪಟ್ಟಿಗೂ ಮೀರಿರುತ್ತದೆ. ಒಂದು ಟ್ಯಾಂಕರನ್ನು ಬೇಸಿಗೆಯ ಹಳ್ಳಕ್ಕೆ ಸುರಿದರೆ ಮೇಲೆ ಹೇಳಿದ ಲೆಕ್ಕವೆಲ್ಲ ಬುಡಮೇಲಾಗುತ್ತದೆ. ಇದಕ್ಕೆ ಪರಿಹಾರವಿಲ್ಲವೆಂದಲ್ಲ. 2015ರಲ್ಲಿಯೇ ದೇವನಹಳ್ಳಿಯಲ್ಲಿ ಇಂತಹ ಮಲ ಕೆಸರನ್ನು ಮಾತ್ರ ಶುದ್ಧೀಕರಿಸುವ, ದಿನಕ್ಕೆ 6,000 ಲೀಟರ್ ಸಾಮರ್ಥ್ಯದ ಸಣ್ಣ ಘಟಕ ಆರಂಭವಾಯಿತು. ಒಣಗಿಸಿದ ಕೆಸರು ಗೊಬ್ಬರವಾಗುತ್ತದೆ. ಹತ್ತಾರು ಪಂಚಾಯಿತಿಗಳು ಸೇರಿ ಇಂತಹ ಒಂದನ್ನು ಹಂಚಿಕೊಂಡರೆ ಪ್ರಾದೇಶಿಕ ಘಟಕ ಎಂಬ ಮಾತಿಗೆ ನಿಜವಾದ ಅರ್ಥ ಬರುತ್ತದೆ. ಗುಂಡಿಗೆ ಮನುಷ್ಯರನ್ನು ಇಳಿಸುವುದನ್ನು 2013ರ ಕಾಯ್ದೆ ನಿಷೇಧಿಸಿದೆ ಎಂಬುದನ್ನು ಇಲ್ಲಿ ಮತ್ತೊಮ್ಮೆ ನೆನಪಿಸುತ್ತೇನೆ. ಈ ವಿಷಯದಲ್ಲಿ ಯಾವ ವಿನಾಯಿತಿಗೂ ನನ್ನ ಬಳಿ ಬರಬೇಡಿ.

ಈಗ ನನ್ನದೇ ಒಂದು ತಪ್ಪನ್ನು ಹೇಳಬೇಕು. ನಾನು ಮೊದಲು ಸೇವೆ ಸಲ್ಲಿಸಿದ ಪಂಚಾಯಿತಿಯಲ್ಲಿ ಬೂದು ನೀರಿಗಾಗಿ ಒಂದು ಸಣ್ಣ ಘಟಕ ನಿರ್ಮಿಸಿದೆವು. ತಂಗುವ ತೊಟ್ಟಿ, ಅದರಾಚೆ ಜಲ್ಲಿ ಹಾಕಿ ಜೊಂಡು ನೆಟ್ಟ ಪಾತಿ. ಚರಂಡಿ ತಗ್ಗಿನಲ್ಲಿದ್ದುದರಿಂದ ಒಂದು ಪಂಪು ಅನಿವಾರ್ಯವಾಯಿತು. ನಕ್ಷೆ ನನ್ನದೇ, ಅಳತೆ ಪುಸ್ತಕದ ದಾಖಲೆ ಕ್ರಮಬದ್ಧ, ಛಾಯಾಚಿತ್ರಗಳೂ ತಂತ್ರಾಂಶಕ್ಕೆ ಏರಿದವು. ಕಾಮಗಾರಿ ಪೂರ್ಣ ಎಂದು ನಾನೇ ಸಹಿ ಮಾಡಿದೆ. ಪಂಪಿನ ವಿದ್ಯುತ್ ಬಿಲ್ಲನ್ನು ಯಾವ ಲೆಕ್ಕಶೀರ್ಷಿಕೆಯಲ್ಲಿ ಕಟ್ಟಬೇಕೆಂದು ಮಾತ್ರ ಯಾರೂ ಯೋಚಿಸಿರಲಿಲ್ಲ, ನಾನೂ ಯೋಚಿಸಿರಲಿಲ್ಲ. ಕೆಲವು ತಿಂಗಳಲ್ಲಿ ಸಂಪರ್ಕ ಕಡಿತವಾಯಿತು. ನೀರು ಹೊರಚೆಲ್ಲಬಾರದೆಂದು ನೀರುಗಂಟಿ ತೊಟ್ಟಿಯ ಬದಿಯ ಕಟ್ಟೆಯನ್ನು ಒಡೆದು ಹಳ್ಳಕ್ಕೆ ದಾರಿ ಮಾಡಿದ. ಅವನ ತಪ್ಪೇನೂ ಇಲ್ಲ. ಜೊಂಡು ಒಣಗಿತು. ಒಂದು ದಿನ ಕೆಳಗಿನ ಹೊಲದ ರೈತರೊಬ್ಬರು ಕಚೇರಿಗೆ ಬಂದು, "ಮೊದಲು ಊರಿನ ನೀರು ಅಲ್ಲೊಂದಿಷ್ಟು ಇಲ್ಲೊಂದಿಷ್ಟು ಹಂಚಿಕೊಂಡು ಹರಿಯುತ್ತಿತ್ತು. ನೀವು ಎಲ್ಲವನ್ನೂ ಒಟ್ಟುಮಾಡಿ ನನ್ನ ಹೊಲದ ಪಕ್ಕದಲ್ಲಿ ಬಿಟ್ಟಿದ್ದೀರಿ. ಎಮ್ಮೆ ಹಳ್ಳಕ್ಕೆ ಬಾಯಿ ಹಾಕುತ್ತಿಲ್ಲ" ಎಂದರು.

ಅವರ ಮಾತಿನಲ್ಲಿ ಪ್ರಾದೇಶಿಕ ಘಟಕದ ಅಪಾಯವೆಲ್ಲ ಅಡಗಿದೆ. ಹರಡಿದ್ದ ಕೊಳಚೆಯನ್ನು ಒಂದೆಡೆ ಕೂಡಿಸುವುದು ಸುಲಭ. ಕೂಡಿಸಿದ ಮೇಲೆ ಘಟಕ ನಿಂತರೆ, ಮೊದಲಿದ್ದುದಕ್ಕಿಂತ ದೊಡ್ಡ ಅನ್ಯಾಯ ಒಂದೇ ಜಾಗದಲ್ಲಿ, ಒಂದೇ ಊರಿನ ಮೇಲೆ ಆಗುತ್ತದೆ. ಗಾಳಿಯೂಡುವ ಯಂತ್ರ ಕೆಲವು ಗಂಟೆ ನಿಂತರೂ ತೊಟ್ಟಿಯ ಸೂಕ್ಷ್ಮಜೀವಿಗಳು ಸೊರಗುತ್ತವೆ. ಚೇತರಿಸಿಕೊಳ್ಳಲು ದಿನಗಳು ಬೇಕು. ಆ ಘಟಕವನ್ನು ನಾವು ಮತ್ತೆ ನಡೆಸಿದೆವು, ಆದರೆ ಪಂಪಿಲ್ಲದೆ. ತಗ್ಗಿನ ಕೇರಿಯ ನೀರಿಗೆ ಅಲ್ಲಿಯೇ ಇಂಗುಗುಂಡಿಗಳನ್ನು ಮಾಡಿಸಿ, ಮೇಲಿನ ಕೇರಿಗಳ ನೀರನ್ನು ಮಾತ್ರ ತಾನಾಗಿ ಹರಿದುಬರುವಂತೆ ತಿರುಗಿಸಿದೆವು. ಮೊದಲೇ ಹೀಗೆ ಮಾಡಬಹುದಿತ್ತು.

ಹಣದ ವಿಷಯವನ್ನು ಬೇಗ ಹೇಳಿ ಮುಗಿಸುತ್ತೇನೆ, ಇದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಸ್ವಚ್ಛ ಭಾರತ್ ಮಿಷನ್ ಗ್ರಾಮೀಣದ ಎರಡನೆಯ ಹಂತದಲ್ಲಿ ಬೂದು ನೀರಿನ ನಿರ್ವಹಣೆಗೆ 5,000ದವರೆಗಿನ ಜನಸಂಖ್ಯೆಯ ಗ್ರಾಮಗಳಿಗೆ ತಲಾ 280 ರೂಪಾಯಿ, ಅದಕ್ಕಿಂತ ದೊಡ್ಡ ಗ್ರಾಮಗಳಿಗೆ ತಲಾ 660 ರೂಪಾಯಿವರೆಗೆ ಮಿತಿ ಇಡಲಾಗಿತ್ತು. ಅದರ ಶೇಕಡ 30ನ್ನು ಹದಿನೈದನೆಯ ಹಣಕಾಸು ಆಯೋಗದ ಅನುದಾನದಿಂದ ಪಂಚಾಯಿತಿ ಭರಿಸಬೇಕಿತ್ತು. ಇದು ಕಟ್ಟುವ ಹಣ. ನಡೆಸುವ ಹಣ ಬೇರೆ. ಕ್ರಿಯಾಯೋಜನೆಯಲ್ಲಿ ಕಟ್ಟಡಕ್ಕೆ ಒಂದು ಸಾಲು ಬರೆದರೆ, ಅದರ ಕೆಳಗೆ ವಿದ್ಯುತ್ತಿಗೆ, ಕೆಸರು ತೆಗೆಸುವುದಕ್ಕೆ, ಒಬ್ಬ ನಿರ್ವಾಹಕನ ಸಂಬಳಕ್ಕೆ ಇನ್ನೊಂದು ಸಾಲು ಇರಲೇಬೇಕು.

ಆದ್ದರಿಂದ ಪ್ರಾದೇಶಿಕ ಘಟಕದ ಪ್ರಸ್ತಾವನೆ ನಿಮ್ಮ ಸಭೆಗೆ ಬಂದಾಗ ವಿರೋಧಿಸಿ ಎಂದು ನಾನು ಹೇಳುವುದಿಲ್ಲ. ಒಳ್ಳೆಯ ಘಟಕ ಹೊಳೆಗೆ ಬೇಕೇ ಬೇಕು. ಆದರೆ ಎಂಎಲ್‌ಡಿ ಎಷ್ಟು ಎಂದು ಕೇಳಿ ಸುಮ್ಮನಾಗಬೇಡಿ. ಎಷ್ಟು ಮನೆಗಳು, ಎಷ್ಟು ಊರುಗಳು ಅದಕ್ಕೆ ಜೋಡಣೆಯಾಗುತ್ತವೆ, ಜೋಡಣೆಯಾಗದವು ಯಾವುವು, ಅವುಗಳ ನೀರು ಎಲ್ಲಿಗೆ ಹೋಗುತ್ತದೆ ಎಂದು ಕೇಳಿ. ಘಟಕವನ್ನು ತಪ್ಪಿಸಿ ನೀರು ಬಿಡುವ ಪಕ್ಕದ ದಾರಿಗೆ ಮಾಪಕ ಇದೆಯೇ ಎಂದು ಕೇಳಿ. ಇದನ್ನು ಕೇಳಿದಾಗ ಸಲಹೆಗಾರರ ಮುಖವನ್ನು ಗಮನಿಸಿ. ವಿದ್ಯುತ್ ಹೋದರೆ ಏನು, ಕೆಸರು ಯಾರ ಹೊಲಕ್ಕೆ, ಐದು ವರ್ಷದ ಗುತ್ತಿಗೆ ಮುಗಿದ ಮೇಲೆ ಯಾರು. ಬೇಸಿಗೆಯಲ್ಲಿ ಹೊಳೆಯಲ್ಲಿ ಎಷ್ಟು ನೀರು ಇರುತ್ತದೆ ಎಂದು ಯಾರಾದರೂ ಅಳೆದಿದ್ದಾರೆಯೇ? ಅಳೆದಿಲ್ಲದಿದ್ದರೆ 20 ಸಾಕೋ 10 ಬೇಕೋ ಎಂಬುದನ್ನು ಯಾರೂ ಹೇಳಲಾರರು. ಪರೀಕ್ಷಾ ವರದಿಯನ್ನು ಘಟಕದ ಹೊರದ್ವಾರದಲ್ಲಿ ಮಾತ್ರವಲ್ಲ, ಹೊಳೆಯಲ್ಲಿ ಘಟಕದ ಮೇಲೆ ಒಂದು ಕಡೆ, ಕೆಳಗೆ ಒಂದು ಕಡೆ ಮಾದರಿ ತೆಗೆದು, ಪ್ರತಿ ತಿಂಗಳು ಕನ್ನಡದಲ್ಲಿ ಪಂಚಾಯಿತಿಯ ಸೂಚನಾ ಫಲಕದ ಮೇಲೆ ಹಾಕಬೇಕು ಎಂಬ ಷರತ್ತನ್ನು ಠರಾವಿನಲ್ಲಿಯೇ ಬರೆಸಿ. ಠರಾವಿನಲ್ಲಿ ಇಲ್ಲದ್ದನ್ನು ಆಮೇಲೆ ಯಾರೂ ಕೊಡುವುದಿಲ್ಲ.

ಹೊಳೆಗೆ ಬರುವ ಎಂಟು ಪಾಲು ಶುದ್ಧ ನೀರನ್ನು ಉಳಿಸುವ ಕೆಲಸ ಮಾತ್ರ ಯಾವ ಘಟಕದಿಂದಲೂ ಆಗುವುದಿಲ್ಲ. ಅದು ನಮ್ಮ ಕೆರೆಗಳ, ಕಟ್ಟೆಗಳ, ಗೋಮಾಳದ ಹಳ್ಳಗಳ ಕೆಲಸ. ಉದ್ಯೋಗ ಖಾತರಿಯಲ್ಲಿ ಹೂಳೆತ್ತಿದ ಒಂದು ಕೆರೆಯ ಬಸಿನೀರು ಮಾರ್ಚಿಯವರೆಗೆ ಹಳ್ಳದಲ್ಲಿ ಹರಿದರೆ ಅದು ಹೊಳೆಯ ಲೆಕ್ಕದಲ್ಲಿ ನೇರವಾಗಿ ಸೇರುತ್ತದೆ.

ಪರೀಕ್ಷೆಗೆ ಪ್ರಯೋಗಾಲಯವನ್ನೇ ಕಾಯಬೇಕಾಗಿಲ್ಲ. ಜಲ ಜೀವನ್ ಮಿಷನ್ನಿನಡಿ ಪ್ರತಿ ಗ್ರಾಮದಲ್ಲಿ ಐವರು ಮಹಿಳೆಯರಿಗೆ ನೀರು ಪರೀಕ್ಷಾ ಕಿಟ್ ಬಳಸಲು ತರಬೇತಿ ಕೊಡಬೇಕೆಂದಿದೆ. ಕಿಟ್ಟಿನಲ್ಲಿ ಬಿಒಡಿ ನೋಡಲಾಗದು, ಆದರೆ ನೈಟ್ರೇಟ್ ನೋಡಬಹುದು. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 45 ಮಿಲಿಗ್ರಾಂ ಮೀರಬಾರದು. ಚರಂಡಿ ಅಥವಾ ಹೊಳೆಯ ಪಕ್ಕದ ಕೊಳವೆಬಾವಿಯಲ್ಲಿ ವರ್ಷದಿಂದ ವರ್ಷಕ್ಕೆ ಅದು ಏರುತ್ತಿದ್ದರೆ, ಗೊಬ್ಬರದ ಜೊತೆಗೆ ಕೊಳಚೆಯೂ ಅಲ್ಲಿಗೆ ಇಳಿಯುತ್ತಿರಬಹುದೆಂದು ತಿಳಿದು ವಿಚಾರಿಸಬೇಕು. ಈ ಹೆಣ್ಣುಮಕ್ಕಳ ಪುಸ್ತಕವನ್ನು ಸಾಮಾನ್ಯ ಸಭೆಯಲ್ಲಿ ತರಿಸಿ ಓದಿಸಿ. ನನ್ನ ಪಂಚಾಯಿತಿಯಲ್ಲಿ ಅದನ್ನು ಓದಿಸಲು ಆರಂಭಿಸಿದ ಮೇಲೆ ಚರಂಡಿಯ ವಿಷಯ ಚರ್ಚೆಗೆ ಬರಲು ಯಾರೂ ಪ್ರಯತ್ನಪಡಬೇಕಾಗಲಿಲ್ಲ.

ಪ್ರತಿ ಪಂಚಾಯಿತಿಗೂ ಗ್ರಾಮ ನಕ್ಷೆಯ ಒಂದೊಂದು ಪ್ರತಿಯನ್ನು ಈಗ ಹಂಚಲಾಗುತ್ತಿದೆ. ನಿಮ್ಮ ಊರಿನ ಚರಂಡಿಗಳು ಹಳ್ಳವನ್ನೋ ಕೆರೆಯನ್ನೋ ಹೊಳೆಯನ್ನೋ ಸೇರುವ ಪ್ರತಿಯೊಂದು ಜಾಗದಲ್ಲಿ ಕೆಂಪು ಶಾಯಿಯಲ್ಲಿ ಒಂದು ಚುಕ್ಕಿ ಇಡಿ. ಟ್ಯಾಂಕರು ಸುರಿಯುವ ಜಾಗ ಗೊತ್ತಿದ್ದರೆ ಅಲ್ಲಿಯೂ ಇಡಿ, ಹೆಸರು ಬರೆಯಬೇಕಾಗಿಲ್ಲ. ಊಟದ ವಿರಾಮದ ನಂತರ ಹೊಳೆಯ ಮೇಲ್ಭಾಗದ ಪಂಚಾಯಿತಿಗಳೂ ಕೆಳಭಾಗದ ಪಂಚಾಯಿತಿಗಳೂ ಒಂದೇ ಮೇಜಿನ ಸುತ್ತ ಕುಳಿತು ಈ ನಕ್ಷೆಗಳನ್ನು ಒಂದರ ಪಕ್ಕ ಒಂದು ಜೋಡಿಸಬೇಕೆಂದು ಕೋರುತ್ತೇನೆ. ಅಲ್ಲಿಯವರೆಗೆ ಪ್ರಶ್ನೆಗಳಿದ್ದರೆ ಕೇಳಬಹುದು.